ದ್ವೀಪದ ಹುಡುಗರು ಹತ್ತಿದ ಮೆಟ್ಟಿಲು: ಮೈಸೂರು–ಮಂಡ್ಯದ ಮಕ್ಕಳಿಗೆ ಫುಟ್ಬಾಲ್ ವೃತ್ತಿಯ ಕೈಪಿಡಿ

ಕೆರಿಬಿಯನ್ ಸಮುದ್ರದ ಕುರಸಾವೊ ದ್ವೀಪದಲ್ಲಿರುವುದು ಸುಮಾರು ಒಂದೂವರೆ ಲಕ್ಷ ಜನ, ಹೆಚ್ಚುಕಮ್ಮಿ ಮಂಡ್ಯ ಪಟ್ಟಣದಷ್ಟು. 2025ರ ನವೆಂಬರ್‌ನಲ್ಲಿ ಜಮೈಕಾ ವಿರುದ್ಧ 0-0 ಡ್ರಾ ಮಾಡಿಕೊಂಡು ಆ ದ್ವೀಪ 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಅದಕ್ಕೆ ತಿಂಗಳ ಮುಂಚೆ ಪಶ್ಚಿಮ ಆಫ್ರಿಕಾದಾಚೆಯ, ಐದು ಲಕ್ಷ ಚಿಲ್ಲರೆ ಜನರಿರುವ ದ್ವೀಪ ದೇಶ ಕೇಪ್ ವರ್ಡೆ ಎಸ್ವಾಟಿನಿಯನ್ನು 3-0 ಗೋಲುಗಳಿಂದ ಸೋಲಿಸಿ ಅದೇ ಸಾಧನೆ ಮಾಡಿತ್ತು. 2016ರ ಯೂರೊ ಕಪ್‌ನಲ್ಲಿ ಇಂಗ್ಲೆಂಡನ್ನು 2-1ರಿಂದ ಮನೆಗೆ ಕಳಿಸಿದ ಐಸ್‌ಲ್ಯಾಂಡ್‌ನ ಜನಸಂಖ್ಯೆ ಆಗ 3.3 ಲಕ್ಷದ ಆಸುಪಾಸಿನಲ್ಲಿತ್ತು. 2011ರ ಜನಗಣತಿಯಲ್ಲಿ ಮೈಸೂರು ಜಿಲ್ಲೆಯಲ್ಲಿ 30 ಲಕ್ಷ, ಮಂಡ್ಯ ಜಿಲ್ಲೆಯಲ್ಲಿ 18 ಲಕ್ಷ ಜನರಿದ್ದರು. ನಮ್ಮಲ್ಲಿ ಮಕ್ಕಳಿಗೇನೂ ಬರವಿಲ್ಲ. ಇಲ್ಲದಿರುವುದು ಆ ಮಕ್ಕಳು ಒಂದೊಂದೇ ಮೆಟ್ಟಿಲು ಹತ್ತಿ ಹೋಗುವ ದಾರಿ.

ಒಂದು ವ್ಯತ್ಯಾಸ ಮೊದಲೇ ಹೇಳಿಬಿಡಬೇಕು. ಕುರಸಾವೊ ತಂಡದ ಬಹುಪಾಲು ಆಟಗಾರರು ಹುಟ್ಟಿ ಬೆಳೆದದ್ದು ನೆದರ್ಲೆಂಡ್ಸ್‌ನಲ್ಲಿ. ಕೇಪ್ ವರ್ಡೆಯ ರಾಬರ್ಟೊ ಲೋಪೆಸ್ ಡಬ್ಲಿನ್‌ನಲ್ಲಿ ಹುಟ್ಟಿದವರು. ತಂದೆಯ ದೇಶದ ಕೋಚ್ ಅವರನ್ನು ಲಿಂಕ್ಡ್‌ಇನ್‌ನಲ್ಲಿ ಸಂದೇಶ ಕಳಿಸಿ ತಂಡಕ್ಕೆ ಕರೆದರು. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ, ಹಾಗಾಗಿ ಆ ದಾರಿ ನಮ್ಮದಲ್ಲ. ನಾವು ನೋಡಬೇಕಾದದ್ದು ದ್ವೀಪದಲ್ಲೇ ಬೆಳೆದು ಹೊರಗೆ ಹೋದವರನ್ನು. ಕೇಪ್ ವರ್ಡೆಯ ರಯಾನ್ ಮೆಂಡೆಸ್ ಊರಿನ ಬಟುಕೆ ಕ್ಲಬ್‌ನಿಂದ ಫ್ರಾನ್ಸಿನ ಲ ಹಾವ್ರ್‌ಗೆ ಹೋಗಿ, ಅಲ್ಲಿ ಎರಡನೇ ದರ್ಜೆಯ ಲೀಗ್‌ನಲ್ಲಿ ಆಡಿ, 2012ರಲ್ಲಿ ಲಿಲ್ ಕ್ಲಬ್ ಸೇರಿದರು. ಐಸ್‌ಲ್ಯಾಂಡ್‌ನ ಗಿಲ್ವಿ ಸಿಗುರ್ಡ್‌ಸನ್ 2005ರಲ್ಲಿ ಇಂಗ್ಲೆಂಡಿನ ರೆಡಿಂಗ್ ಅಕಾಡೆಮಿಗೆ ಹೋದರು. ಅಲ್ಲಿಂದ ಶ್ರೂಸ್‌ಬರಿ, ಕ್ರೂ ಎಂಬ ಸಣ್ಣ ಕ್ಲಬ್‌ಗಳಿಗೆ ಲೋನ್ ಮೇಲೆ (ಅಂದರೆ ತಾತ್ಕಾಲಿಕ ಎರವಲಾಗಿ) ಹೋಗಿ ದೊಡ್ಡವರ ಜೊತೆ ಆಡಿ ಬಂದ ಮೇಲೆಯೇ ರೆಡಿಂಗ್ ತಂಡದಲ್ಲಿ ಅವರ ಜಾಗ ಗಟ್ಟಿಯಾಯಿತು. ಇವರಿಬ್ಬರೂ ದೊಡ್ಡ ಹೆಸರಿನ ಕ್ಲಬ್‌ಗೆ ನೇರವಾಗಿ ಹಾರಲಿಲ್ಲ. ತಮಗೆ ಆಡಲು ಸಿಗುವ ಜಾಗಕ್ಕೆ ಹೋದರು. ಈ ಕೈಪಿಡಿಯ ಪ್ರತಿಯೊಂದು ನಿರ್ಧಾರಕ್ಕೂ ಇದೇ ಅಳತೆಗೋಲು: ಮಗುವಿಗೆ ಎಲ್ಲಿ ಹೆಚ್ಚು ನಿಮಿಷ ಆಟ ಸಿಗುತ್ತದೆ?

ಯಾವ ವಯಸ್ಸಿಗೆ ಎಲ್ಲಿ

ಆರರಿಂದ ಹನ್ನೆರಡರವರೆಗೆ ಮನೆಗೆ ಹತ್ತಿರದ ಮೈದಾನವೇ ಸಾಕು. ಅಕಾಡೆಮಿ ಹೆಸರು ನೋಡಬೇಡಿ, ಕೋಚ್ ಬಳಿ ಯಾವ ಲೈಸೆನ್ಸ್ ಇದೆ ಕೇಳಿ. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಡಿ, ಸಿ, ಬಿ, ಎ ಎಂದು ಲೈಸೆನ್ಸ್ ಕೊಡುತ್ತದೆ. ಮಕ್ಕಳಿಗೆ ಕಲಿಸುವವರಿಗೆ ಕನಿಷ್ಠ ಡಿ ಇರಲಿ. ಐಸ್‌ಲ್ಯಾಂಡ್ 2000ರಿಂದ ಒಳಾಂಗಣ ಮೈದಾನಗಳನ್ನು ಕಟ್ಟಿದ್ದು ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಕೆಲಸವೆಂದರೆ ಎಂಟು ವರ್ಷದ ಮಕ್ಕಳಿಗೂ ಲೈಸೆನ್ಸ್ ಇರುವ, ಸಂಬಳ ಪಡೆಯುವ ಕೋಚ್ ಸಿಗುವಂತೆ ಮಾಡಿದ್ದು. ಒಮ್ಮೆ ಹೋಗಿ ಅಭ್ಯಾಸ ನೋಡಿ. ಇಪ್ಪತ್ತು ಮಕ್ಕಳು ಒಂದೇ ಸಾಲಿನಲ್ಲಿ ನಿಂತು ಸರದಿಗೆ ಕಾಯುತ್ತಿದ್ದರೆ, ಗಂಟೆಗೆ ಹತ್ತು ಸಲ ಚೆಂಡು ಮುಟ್ಟಿದರೆ ಹೆಚ್ಚು. ಅಂಥ ಕಡೆ ಸೇರಿಸಬೇಡಿ.

ಹದಿಮೂರರಿಂದ ಹದಿನೈದು ಶಾಲಾ ಕ್ರೀಡಾಕೂಟದ ವಯಸ್ಸು. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುವ ಈ ಏಣಿಗೆ ಕೈ ಹಾಕಲು ಪಿ.ಟಿ. ಮೇಷ್ಟ್ರ ಸಹಿ ಬೇಕು. ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ವಾರವೇ ಅವರನ್ನು ಕಂಡು, ಈ ವರ್ಷ ಫುಟ್ಬಾಲ್ ತಂಡ ಕಳಿಸುತ್ತೀರಾ, ಶಾಲಾ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸುಬ್ರತೊ ಕಪ್‌ಗೆ ಹೆಸರು ಕೊಡುತ್ತೀರಾ ಎಂದು ಕೇಳಿ. ಎಷ್ಟೋ ಶಾಲೆಗಳು ಕಬಡ್ಡಿ, ಖೋಖೋ, ವಾಲಿಬಾಲ್‌ಗೆ ತಂಡ ಕಟ್ಟಿ ಫುಟ್ಬಾಲನ್ನು ಬಿಟ್ಟುಬಿಡುತ್ತವೆ, ಕೇಳುವವರಿಲ್ಲ ಎಂಬ ಒಂದೇ ಕಾರಣಕ್ಕೆ. ಹನ್ನೊಂದು ಮಕ್ಕಳ ತಂದೆ–ತಾಯಿ ಒಟ್ಟಿಗೆ ಹೋಗಿ ಕೇಳಿದರೆ ತಂಡವಾಗುತ್ತದೆ.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳು ಇನ್ನೊಂದು ದಾರಿ. ಊಟ, ವಸತಿ, ಶಾಲೆ, ತರಬೇತಿ ಒಂದೇ ಕಡೆ. ಆಯ್ಕೆಯ ಪ್ರಕಟಣೆ ಪತ್ರಿಕೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಬಂದು ಹೋಗುತ್ತದೆ. ಆದ್ದರಿಂದ ಜನವರಿಯಿಂದಲೇ ಮೈಸೂರಿನವರು ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ, ಮಂಡ್ಯದವರು ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ವಿಚಾರಿಸುತ್ತಿರಿ. ಯಾವ ನಿಲಯದಲ್ಲಿ ಫುಟ್ಬಾಲ್ ಕೋಚ್ ಇದ್ದಾರೆ ಎಂಬುದನ್ನೂ ಕೇಳಿ. ಕೋಚ್ ಇಲ್ಲದ ನಿಲಯಕ್ಕೆ ಸೇರಿಸಿದರೆ ಮಗು ಅಥ್ಲೆಟಿಕ್ಸ್ ಕಲಿತು ಬರುತ್ತದೆ.

ಹದಿನಾರು ದಾಟಿದ ಮೇಲೆ ಬೆಂಗಳೂರು ತಪ್ಪಿದ್ದಲ್ಲ. ರಾಜ್ಯದ ಗಟ್ಟಿ ಕ್ಲಬ್ ಲೀಗ್ ಇರುವುದು ಅಲ್ಲಿ, ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯ ಆಯ್ಕೆಗಾರರ ಕಣ್ಣಿರುವುದೂ ಅಲ್ಲೇ. ಮೈಸೂರು ರಾಜ್ಯವೆಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಆ ಟ್ರೋಫಿ ಮತ್ತೆ ಕರ್ನಾಟಕಕ್ಕೆ ಬಂದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಬಳ್ಳಾರಿ ಸೀಮೆಯಲ್ಲಿದೆ. ಹೆಣ್ಣುಮಕ್ಕಳಿಗೆ ಭಾರತೀಯ ಮಹಿಳಾ ಲೀಗ್‌ನಲ್ಲಿ ಆಡುವ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಇದೆ. ಆದರೆ ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ ದಿನಾ ರೈಲಿನಲ್ಲಿ ಓಡಾಡಿಸುವ ಸಾಹಸ ಬೇಡ. ಹೋಗಿ ಬರಲು ಐದಾರು ಗಂಟೆ ಕಳೆದರೆ ನಿದ್ದೆ ಹೋಗುತ್ತದೆ. ನಿದ್ದೆ ಹೋದ ದೇಹಕ್ಕೆ ಗಾಯ ಬೇಗ.

ಕ್ಲಬ್ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಕಳೆದ ಸೀಸನ್‌ನಲ್ಲಿ ನಿಮ್ಮ ಈ ವಯಸ್ಸಿನ ಮಕ್ಕಳು ಎಷ್ಟು ಲೀಗ್ ಪಂದ್ಯ ಆಡಿದರು? ಸೂಪರ್ ಡಿವಿಷನ್ ಕ್ಲಬ್‌ನ ಬೆಂಚಿಗಿಂತ ಕೆಳ ಡಿವಿಷನ್‌ನಲ್ಲಿ 90 ನಿಮಿಷ ಆಡುವುದು ಮೇಲು.

ವಾರದ ಅಭ್ಯಾಸ

ವಾರದಲ್ಲಿ ಎಷ್ಟು ಗಂಟೆ? ಮಗುವಿನ ವಯಸ್ಸೆಷ್ಟೋ ಅಷ್ಟೇ ಗರಿಷ್ಠ. ಹದಿಮೂರು ವರ್ಷದವನಿಗೆ ಪಂದ್ಯವೂ ಸೇರಿ ಹದಿಮೂರು ಗಂಟೆ ದಾಟಬಾರದು. ನಾಲ್ಕು ದಿನ 75ರಿಂದ 90 ನಿಮಿಷ, ಒಂದು ಪಂದ್ಯ, ಕನಿಷ್ಠ ಒಂದು ದಿನ ಪೂರ್ತಿ ವಿಶ್ರಾಂತಿ. ಮಾರ್ಚ್‌ನಿಂದ ಮೇವರೆಗೆ ಬೆಳಗ್ಗೆ ಆರರಿಂದ ಎಂಟರೊಳಗೆ ಮುಗಿಸಿ, ಇಲ್ಲವೇ ಸಂಜೆ ಐದರ ಮೇಲೆ ಶುರುಮಾಡಿ.

ಮೊದಲ 20 ನಿಮಿಷ ಫಿಫಾ 11+ ವಾರ್ಮ್ ಅಪ್. ನಿಧಾನ ಓಟ, ಪ್ಲ್ಯಾಂಕ್, ಒಂಟಿ ಕಾಲಿನ ಸಮತೋಲನ, ಸ್ಕ್ವಾಟ್, ಜಿಗಿತ, ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮ, ಕೊನೆಗೆ ವೇಗದ ಓಟ. ವಾರಕ್ಕೆ ಎರಡು ಸಲವಾದರೂ ತಪ್ಪದೆ ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದರಷ್ಟು ತಗ್ಗಿದ್ದು ಅಧ್ಯಯನಗಳಲ್ಲಿ ಕಂಡಿದೆ. ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತಿದೆಯೇ ಎಂದು ಎದುರಿಗೆ ನಿಂತು ನೋಡಿ. ಮಂಡಿ ಪಾದದ ಬೆರಳಿನ ನೇರಕ್ಕೇ ಇರಬೇಕು. ಹೆಣ್ಣುಮಕ್ಕಳಲ್ಲಿ ಮಂಡಿಯ ಲಿಗಮೆಂಟ್ ಹರಿಯುವ ಸಂಭವ ಹೆಚ್ಚಿರುವುದರಿಂದ ಇಲ್ಲಿ ಇನ್ನಷ್ಟು ಎಚ್ಚರ ಬೇಕು.

ಆಮೇಲೆ ಗೋಡೆ. ಸಣ್ಣ ಊರಿನ ಮಗುವಿಗೆ ಗೋಡೆಯಷ್ಟು ಒಳ್ಳೆಯ ಜೊತೆಗಾರ ಸಿಗುವುದಿಲ್ಲ. ಗೋಡೆಯಿಂದ ನಾಲ್ಕು ಮೀಟರ್ ದೂರ ನಿಂತು, ಒಂದು ಟಚ್‌ನಲ್ಲಿ ತಡೆದು ಇನ್ನೊಂದರಲ್ಲಿ ಪಾಸ್: ಬಲಗಾಲಿಗೆ 50, ಎಡಗಾಲಿಗೆ 50. ಎರಡು ವಾರದ ನಂತರ ಆರು ಮೀಟರ್‌ಗೆ ಸರಿದು, ಬಲಗಾಲಲ್ಲಿ ತಡೆದು ಎಡಗಾಲಲ್ಲಿ ಹೊಡೆಯುವುದು. ಚೆಂಡು ಗೋಡೆಗೆ ಬಡಿಯುವ ಹೊತ್ತಿಗೆ ಒಮ್ಮೆ ಭುಜದ ಹಿಂದೆ ತಿರುಗಿ ನೋಡಿ ಬರಬೇಕು. ಹಿಂದೆ ಅಣ್ಣನೋ ತಂಗಿಯೋ ನಿಂತು ಬೆರಳು ಎತ್ತಲಿ, ಎಷ್ಟು ಬೆರಳು ಎಂದು ಚೆಂಡು ಕಾಲಿಗೆ ಬರುವ ಮೊದಲೇ ಹೇಳಬೇಕು. ಆಯ್ಕೆಗಾರರು ಮಿಡ್‌ಫೀಲ್ಡರ್‌ಗಳಲ್ಲಿ ಮೊದಲು ಗಮನಿಸುವುದು ಈ ತಲೆ ತಿರುಗಿಸುವ ಅಭ್ಯಾಸವನ್ನೇ.

ಪಾಸ್ ಓರೆ ಹೋಗುತ್ತಿದ್ದರೆ ಹೊಡೆಯುವ ಕಾಲನ್ನು ಬೈಯಬೇಡಿ, ಊರಿದ ಕಾಲನ್ನು ನೋಡಿ. ಅದರ ಹೆಬ್ಬೆರಳು ಗುರಿಯ ಕಡೆ ಇರಬೇಕು, ಚೆಂಡಿನಿಂದ ಒಂದು ಗೇಣು ಪಕ್ಕದಲ್ಲಿರಬೇಕು. ಚೆಂಡು ಗಾಳಿಗೆ ಏಳುತ್ತಿದ್ದರೆ ಊರಿದ ಕಾಲು ಹಿಂದುಳಿದಿದೆ, ಮೈ ಹಿಂದಕ್ಕೆ ವಾಲಿದೆ. ತಡೆಯುವಾಗ ಚೆಂಡು ದೂರ ಪುಟಿಯುತ್ತಿದ್ದರೆ ಪಾದದ ಹರಡು (ಕಾಲಿನ ಗಂಟು) ಬಿಗಿಯಾಗಿ ನಿಂತಿದೆ. ಮುಟ್ಟುವ ಕ್ಷಣಕ್ಕೆ ಪಾದ ಸ್ವಲ್ಪ ಹಿಂದಕ್ಕೆ ಸರಿಯಬೇಕು. ಪಾಸ್ ಮಾಡುವಾಗ ಮಾತ್ರ ಹರಡು ಬಿಗಿಯಿರಲಿ.

ಉಳಿದ ಸಮಯ ಆಟಕ್ಕೇ. 30 ಮೀಟರ್ ಉದ್ದ, 20 ಮೀಟರ್ ಅಗಲದಲ್ಲಿ ನಾಲ್ವರ ವಿರುದ್ಧ ನಾಲ್ವರು, ನಾಲ್ಕು ನಿಮಿಷದ ಆಟ, ಎರಡು ನಿಮಿಷ ಬಿಡುವು, ಹೀಗೆ ನಾಲ್ಕು ಸುತ್ತು. ಮೈದಾನ ಸುತ್ತ ಹತ್ತು ರೌಂಡ್ ಓಡಿಸುವುದು ಇನ್ನೂ ಹಲವೆಡೆ ನಡೆಯುತ್ತದೆ. ಫುಟ್ಬಾಲ್‌ನಲ್ಲಿ ಅಂಥ ಒಂದೇ ವೇಗದ ಓಟವೇ ಇಲ್ಲ, ನಾಲ್ವರ ಆಟದಲ್ಲಿ ದಮ್ಮೂ ಬೆಳೆಯುತ್ತದೆ, ಬುದ್ಧಿಯೂ ಬೆಳೆಯುತ್ತದೆ.

ಚೆಂಡು, ಬೂಟು

ಎಂಟರಿಂದ ಹನ್ನೆರಡು ವರ್ಷಕ್ಕೆ 4ನೇ ಸೈಜ್ ಚೆಂಡು, ಆಮೇಲೆ 5ನೇ ಸೈಜ್. 5ನೇ ಸೈಜ್‌ನ ತೂಕ 410ರಿಂದ 450 ಗ್ರಾಂ, ಸುತ್ತಳತೆ 68ರಿಂದ 70 ಸೆಂ.ಮೀ., ಗಾಳಿಯ ಒತ್ತಡ 8.5ರಿಂದ 15.6 ಪಿಎಸ್‌ಐ ನಡುವೆ. ನಮ್ಮ ಗಟ್ಟಿ ಕೆಂಪು ಮಣ್ಣಿನ ಮೈದಾನದಲ್ಲಿ 9ರ ಹತ್ತಿರ ಇಡಿ, ಹೆಚ್ಚಿದ್ದರೆ ಚೆಂಡು ಕಪ್ಪೆಯಂತೆ ಕುಪ್ಪಳಿಸಿ ಮಕ್ಕಳು ತಡೆಯುವುದನ್ನೇ ಕಲಿಯುವುದಿಲ್ಲ.

ಬೂಟಿನಲ್ಲಿ ದುಡ್ಡಿಗಿಂತ ಅಡಿ ಮುಖ್ಯ. ಬೇಸಿಗೆಯ ಗಟ್ಟಿ ನೆಲಕ್ಕೆ ಸಣ್ಣ ಸಣ್ಣ ರಬ್ಬರ್ ಮೊಳೆಗಳಿರುವ ಟರ್ಫ್ ಬೂಟು, ಮಳೆಗಾಲದ ಹುಲ್ಲಿಗೆ ಅಚ್ಚಿನ ಸ್ಟಡ್ ಇರುವ ಎಫ್‌ಜಿ ಬೂಟು. ಗಟ್ಟಿ ನೆಲದಲ್ಲಿ ಉದ್ದ ಸ್ಟಡ್ ಹಾಕಿದರೆ ಒತ್ತಡವೆಲ್ಲ ಹಿಮ್ಮಡಿಗೆ ಬೀಳುತ್ತದೆ. ಬೆಳೆಯುವ ಕಾಲೆಂದು ಎರಡು ಸೈಜ್ ದೊಡ್ಡದು ಕೊಡಿಸಬೇಡಿ. ಹೆಬ್ಬೆರಳ ಮುಂದೆ ಅರ್ಧ ಬೆರಳಗಲ ಜಾಗ ಸಾಕು. ಶಿನ್ ಗಾರ್ಡ್ ಇಲ್ಲದೆ ಅಭ್ಯಾಸಕ್ಕೂ ಕಳಿಸಬೇಡಿ.

ಊಟ

ಇದಕ್ಕಾಗಿ ಡಬ್ಬಿಯ ಪುಡಿ ಬೇಕಿಲ್ಲ. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಒಂದೂವರೆ ಗ್ರಾಂ ಪ್ರೋಟೀನ್ ಗುರಿಯಿರಲಿ. 50 ಕಿಲೋ ಹುಡುಗನಿಗೆ 75 ಗ್ರಾಂ. ಒಂದು ಮೊಟ್ಟೆಗೆ 6, ಒಂದು ಲೋಟ ಹಾಲಿಗೆ 8, ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ 7 ಗ್ರಾಂ. ಹುರುಳಿ ಬಸ್ಸಾರು, ಅವರೆಕಾಳು, ಮೀನು–ಕೋಳಿ ಉಳಿದದ್ದನ್ನು ತುಂಬುತ್ತವೆ. ರಾಗಿ ಮುದ್ದೆ ಬೆಳೆಯುವ ಮೂಳೆಗೆ ಬಲ ಕೊಡುತ್ತದೆ, ಆದರೆ ಪಂದ್ಯದ ಹೊತ್ತಿಗೆ ಹೊಟ್ಟೆಯಲ್ಲಿ ಕೂರುತ್ತದೆ. ಪಂದ್ಯಕ್ಕೆ ಮೂರು ಗಂಟೆ ಮೊದಲು ಇಡ್ಲಿ ಅಥವಾ ಅನ್ನ–ಸಾರು, ಮುಕ್ಕಾಲು ಗಂಟೆ ಮೊದಲು ಒಂದು ಬಾಳೆಹಣ್ಣು. ಮುದ್ದೆ ರಾತ್ರಿಗಿರಲಿ. ಅಭ್ಯಾಸದ ಮುಂಚೆ, ನಂತರ ತೂಕ ನೋಡಿ: ಒಂದು ಕಿಲೋ ಇಳಿದಿದ್ದರೆ ಒಂದರಿಂದ ಒಂದೂವರೆ ಲೀಟರ್ ನೀರನ್ನು ನಿಧಾನವಾಗಿ ಕುಡಿಸಬೇಕು.

ಮಂಡಿ ನೋವು ಬಂದಾಗ

ಹುಡುಗರು ಸುಮಾರು 14ರಲ್ಲಿ, ಹುಡುಗಿಯರು 12ರಲ್ಲಿ ಅತಿ ವೇಗವಾಗಿ ಉದ್ದವಾಗುತ್ತಾರೆ. ಮೂಳೆ ಬೆಳೆದಷ್ಟು ವೇಗದಲ್ಲಿ ಸ್ನಾಯು ಬೆಳೆಯುವುದಿಲ್ಲ, ಮಂಡಿಚಿಪ್ಪಿನ ಕೆಳಗಿನ ಮೂಳೆಯ ಗಂಟನ್ನು ಎಳೆಯುತ್ತದೆ. ಅಲ್ಲಿ ಊದಿ ನೋಯುವುದೇ ಆಸ್‌ಗುಡ್–ಶ್ಲಾಟರ್. ಹಿಮ್ಮಡಿಯಲ್ಲಿ ಬಂದರೆ ಸೀವರ್ಸ್. ಬಾಗಿಲ ಚೌಕಟ್ಟಿನ ಮೇಲೆ ತಿಂಗಳಿಗೊಮ್ಮೆ ಎತ್ತರ ಗುರುತು ಹಾಕಿ. ಮೂರು ತಿಂಗಳಲ್ಲಿ ಎರಡು ಸೆಂ.ಮೀ. ದಾಟಿದರೆ ಜಿಗಿತ, ವೇಗದ ಓಟ, ದೂರದ ಹೊಡೆತಗಳನ್ನು ಅರ್ಧಕ್ಕಿಳಿಸಿ. ಗೋಡೆ ಪಾಸ್ ನಡೆಯಲಿ. ಆ ತಿಂಗಳುಗಳಲ್ಲಿ ಆಟವೂ ಕೆಡುತ್ತದೆ, ಕಾಲು ತನ್ನದಲ್ಲವೆಂಬಂತೆ ಮಗು ಎಡವುತ್ತದೆ. ಆಗ ಬೈದು ಬಿಡಿಸಿದ ಮಕ್ಕಳೆಷ್ಟೋ! ದಯವಿಟ್ಟು ಕಾಯಿರಿ. ಕುಂಟುವಷ್ಟು ನೋವಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಮಂಡಿಯೇ ಊದಿಕೊಂಡರೆ ಮಾತ್ರ ತಡಮಾಡದೆ ಮೂಳೆ ವೈದ್ಯರ ಬಳಿ ಹೋಗಿ. ಎಣ್ಣೆ ತಿಕ್ಕಿ, ಕಟ್ಟು ಹಾಕಿಸಿ ಆಡಿಸಬೇಡಿ.

ಕಾಗದಪತ್ರ

ಒಳ್ಳೆಯ ಆಟಗಾರರು ಹೆಚ್ಚಾಗಿ ಸೋಲುವ ಜಾಗ ಇದು. ಜನನ ಪ್ರಮಾಣಪತ್ರ ಮೊದಲನೆಯದು. ಹುಟ್ಟಿದ ವರ್ಷದೊಳಗೆ ನೋಂದಣಿಯಾದ ಪತ್ರಕ್ಕೆ ಬೆಲೆ ಹೆಚ್ಚು. ಹತ್ತು ವರ್ಷದ ನಂತರ ಮಾಡಿಸಿದ್ದರೆ ವಯಸ್ಸಿನ ಬಗ್ಗೆ ಅನುಮಾನ ಏಳುತ್ತದೆ, ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುವ ಪರೀಕ್ಷೆಗೆ ಕರೆಯಬಹುದು. ವಯಸ್ಸು ಕಡಿಮೆ ಬರೆಸುವ ಸಲಹೆ ಯಾರೇ ಕೊಡಲಿ, ಒಪ್ಪಬೇಡಿ. ಸಿಕ್ಕಿಬಿದ್ದರೆ ನಿಷೇಧ. ಸಿಕ್ಕಿಬೀಳದಿದ್ದರೂ ತನಗಿಂತ ಚಿಕ್ಕವರ ಜೊತೆ ಆಡಿದ ಹುಡುಗ ಬಲದಿಂದ ಗೆಲ್ಲುವುದನ್ನಷ್ಟೇ ಕಲಿತಿರುತ್ತಾನೆ.

ಎರಡನೆಯದು ಹೆಸರು. ಜನನ ಪತ್ರದಲ್ಲಿ ಬರೀ ‘ಚೇತನ್’, ಆಧಾರ್‌ನಲ್ಲಿ ‘ಚೇತನ್ ಎಂ.’, ಶಾಲೆಯಲ್ಲಿ ‘ಚೇತನ್ ಗೌಡ ಎಂ.ಎಸ್.’: ನಮ್ಮ ಕಡೆ ಇದು ಮನೆಮನೆಯ ಕತೆ. ಪಾಸ್‌ಪೋರ್ಟ್‌ಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಒಂಬತ್ತನೇ ತರಗತಿಯೊಳಗೆ ಒಂದು ಹೆಸರು ನಿಶ್ಚಯಿಸಿ ಎಲ್ಲ ಕಡೆ ಅದನ್ನೇ ಮಾಡಿಸಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋದ ಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ. ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಓಡಬೇಕಿಲ್ಲ. 2017ರ ಜನವರಿಯಲ್ಲಿ ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳು ಶುರುವಾದದ್ದೇ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ.

ಮೂರನೆಯದು ಫೆಡರೇಷನ್ನಿನ ಕೇಂದ್ರ ನೋಂದಣಿ ವ್ಯವಸ್ಥೆ, ಅಂದರೆ ಸಿಆರ್‌ಎಸ್. ಕ್ಲಬ್ ನಿಮ್ಮ ಮಗುವನ್ನು ಇದರಲ್ಲಿ ನೋಂದಾಯಿಸಿ ಐಡಿ ಕೊಡಬೇಕು. ಇದರಿಂದ ಊರಿನ ಕ್ಲಬ್ಬಿಗೂ ಲಾಭವಿದೆ. ಆಟಗಾರ ಮುಂದೆ ವಿದೇಶದ ಕ್ಲಬ್‌ಗೆ ದುಡ್ಡಿಗೆ ವರ್ಗವಾದರೆ, ಆ ಮೊತ್ತದ ಶೇ 5ರಷ್ಟನ್ನು ಅವನಿಗೆ 12ರಿಂದ 23 ವರ್ಷದವರೆಗೆ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಹಂಚಬೇಕೆಂದು ಫಿಫಾ ನಿಯಮವಿದೆ. 12ರಿಂದ 15ರ ಪ್ರತಿ ಸೀಸನ್‌ಗೆ ಮೊತ್ತದ ಶೇ 0.25, 16ರಿಂದ 23ರ ಪ್ರತಿ ಸೀಸನ್‌ಗೆ ಶೇ 0.5. ಒಂದು ಕೋಟಿಯ ವರ್ಗಾವಣೆಯಲ್ಲಿ, ಹದಿಮೂರರಿಂದ ಹದಿನೈದರವರೆಗೆ ಮೂರು ಸೀಸನ್ ಕಲಿಸಿದ ಮಂಡ್ಯದ ಕ್ಲಬ್‌ಗೆ 75 ಸಾವಿರ. ಆದರೆ ನೋಂದಣಿ ಇಲ್ಲದಿದ್ದರೆ ಕಲಿಸಿದ್ದಕ್ಕೆ ಸಾಕ್ಷಿಯೇ ಇಲ್ಲ. ಬಿಡುವಾಗ ಎನ್‌ಒಸಿಗೆ ಕ್ಲಬ್ಬಿನವರು ಪೋಷಕರ ಬಳಿ ದುಡ್ಡು ಕೇಳಿದರೆ ಈ ನಿಯಮ ತೋರಿಸಿ: ಅವರಿಗೆ ಬರಬೇಕಾದದ್ದು ಕೊಳ್ಳುವ ಕ್ಲಬ್ಬಿನಿಂದ.

ಟ್ರಯಲ್ಸ್

ನೂರಾರು ಮಕ್ಕಳ ನಡುವೆ ನಿಮ್ಮ ಮಗುವಿಗೆ ಸಿಗುವುದು ಹದಿನೈದು–ಇಪ್ಪತ್ತು ನಿಮಿಷ. ಹಿಂದಿನ ರಾತ್ರಿಯೇ ಊರು ತಲುಪಿರಬೇಕು. ಹೊಸ ಬೂಟು ಹಾಕಿ ಕಳಿಸಬೇಡಿ. ತನ್ನ ಜಾಗ ಯಾವುದೆಂದು ಕೇಳಿದರೆ ‘ಎಲ್ಲಾದರೂ ಸರಿ ಸಾರ್’ ಎನ್ನದೆ ಒಂದು ಹೆಸರು ಹೇಳಲಿ: ಎಡ ಬ್ಯಾಕ್, ಎರಡನೆಯದಾಗಿ ಎಡ ವಿಂಗ್. ಮೊದಲ ಮೂರು ಪಾಸ್ ಸರಳವಾಗಿರಲಿ. ನಾಲ್ವರನ್ನು ಡ್ರಿಬಲ್ ಮಾಡಿ ಐದನೆಯವನಿಗೆ ಚೆಂಡು ಕಳೆದುಕೊಳ್ಳುವ ಹುಡುಗನನ್ನು ಆಯ್ಕೆಗಾರರು ದಿನಾ ನೋಡಿರುತ್ತಾರೆ. ಚೆಂಡು ಕಳೆದುಕೊಂಡ ಮರುಕ್ಷಣ ಏನು ಮಾಡುತ್ತಾನೆ ಎಂಬುದನ್ನೇ ಅವರು ಬರೆದುಕೊಳ್ಳುವುದು.

ವಿಡಿಯೊ ಕಳಿಸುವುದಾದರೆ ಮೂರರಿಂದ ಐದು ನಿಮಿಷ ಸಾಕು. ಹಾಡು, ಸ್ಲೋ ಮೋಷನ್ ಬೇಡ, ಚೆಂಡು ಬರುವ ಮೊದಲು ಮಗು ಎಲ್ಲಿದೆ ಎಂದು ಬಾಣದ ಗುರುತಿರಲಿ. ಜೊತೆಗೆ ಕತ್ತರಿಸದ ಒಂದು ಪೂರ್ತಿ ಪಂದ್ಯದ ಲಿಂಕ್. ಎತ್ತರದಿಂದ, ಪೆವಿಲಿಯನ್ ಮೆಟ್ಟಿಲಿನ ಮೇಲಿಂದ, ಅಡ್ಡ ಹಿಡಿದ ಫೋನಿನಲ್ಲಿ ತೆಗೆದದ್ದು.

ವಿದೇಶದ ಆಸೆ ತೋರಿಸುವವರು

ಫಿಫಾ ನಿಯಮಾವಳಿಯ 19ನೇ ವಿಧಿಯಂತೆ 18 ತುಂಬದ ಆಟಗಾರರ ಅಂತರರಾಷ್ಟ್ರೀಯ ವರ್ಗಾವಣೆ ನಿಷಿದ್ಧ. ವಿನಾಯಿತಿಗಳು ಕೆಲವೇ: ತಂದೆ–ತಾಯಿ ಫುಟ್ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ, ಯುರೋಪ್ ಒಕ್ಕೂಟ ಅಥವಾ ಯುರೋಪಿನ ಆರ್ಥಿಕ ವಲಯದ ಒಳಗೆ 16 ದಾಟಿದವರಾದರೆ, ಗಡಿಯ ಪಕ್ಕದವರಾದರೆ, ಇನ್ನೊಂದೆರಡು. ಸಿಗುರ್ಡ್‌ಸನ್ ಹದಿನಾರಕ್ಕೆ ಇಂಗ್ಲೆಂಡಿಗೆ ಹೋಗಲು ಸಾಧ್ಯವಾದದ್ದು ಐಸ್‌ಲ್ಯಾಂಡ್ ಯುರೋಪಿನ ಆರ್ಥಿಕ ವಲಯದಲ್ಲಿದ್ದುದರಿಂದ. ಕೆ.ಆರ್. ಪೇಟೆಯ ಹುಡುಗನಿಗೆ ಆ ಬಾಗಿಲಿಲ್ಲ. ಹಾಗಾಗಿ ಹದಿನೈದು ವರ್ಷದವನಿಗೆ ಸ್ಪೇನ್, ಪೋರ್ಚುಗಲ್ ಕ್ಲಬ್‌ನ ‘ಕಾಂಟ್ರ್ಯಾಕ್ಟ್’ ಕೊಡಿಸುತ್ತೇನೆ ಎಂದು ಲಕ್ಷಗಟ್ಟಲೆ ಕೇಳುವವರು ಕೊಡಲಾಗದ್ದನ್ನು ಮಾರುತ್ತಿದ್ದಾರೆ. ಗದ್ದೆ ಅಡವಿಡುವ ಮೊದಲು ಮೂರು ಕೆಲಸ ಮಾಡಿ. ಆಹ್ವಾನದ ಇಮೇಲ್ ಕ್ಲಬ್ಬಿನ ಸ್ವಂತ ವಿಳಾಸದಿಂದ ಬಂದಿದೆಯೇ, ಇಲ್ಲ ಉಚಿತ ಇಮೇಲ್ ಖಾತೆಯಿಂದ ಬಂದಿದೆಯೇ ಎಂದು ನೋಡಿ. ಅವರು ಕೊಟ್ಟ ನಂಬರಿಗಲ್ಲ, ಕ್ಲಬ್ ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ. ಏಜೆಂಟ್ ಹೆಸರು ಫಿಫಾ ಪರವಾನಗಿ ಪಟ್ಟಿಯಲ್ಲಿದೆಯೇ ಎಂದು ಹುಡುಕಿ, ಆ ಪಟ್ಟಿ ಎಲ್ಲರಿಗೂ ತೆರೆದಿದೆ. ಪ್ರವಾಸಿ ವೀಸಾದಲ್ಲಿ ಹೋಗಿ ಆಡು ಎಂದರೆ ಅಲ್ಲಿಗೇ ಮಾತು ಮುಗಿಸಿ. ದುಡ್ಡು ಕೊಟ್ಟು ಹೋಗುವ ಎರಡು ವಾರದ ತರಬೇತಿ ಶಿಬಿರ ತಪ್ಪಲ್ಲ, ಆದರೆ ಅದು ಶಿಬಿರ, ಆಯ್ಕೆಯಲ್ಲ.

ಒಪ್ಪಂದಕ್ಕೆ ಸಹಿ ಹಾಕುವಾಗ

ಹದಿನೆಂಟರೊಳಗಿನವರ ವೃತ್ತಿಪರ ಒಪ್ಪಂದಕ್ಕೆ ಫಿಫಾ ಮಿತಿ ಮೂರು ವರ್ಷ. ತಿಂಗಳ ಸಂಬಳ, ವಸತಿ, ಗಾಯವಾದರೆ ಶಸ್ತ್ರಚಿಕಿತ್ಸೆ ಮತ್ತು ಫಿಸಿಯೊ ಖರ್ಚು ಯಾರದು, ಓದಿಗೆ ರಜೆ ಇದೆಯೇ, ಲೋನ್ ಮೇಲೆ ಕಳಿಸಲು ಅವಕಾಶವಿದೆಯೇ: ಇಷ್ಟೂ ಬರಹದಲ್ಲಿರಲಿ. ಗಾಯದ ಸಾಲು ಇಲ್ಲದ ಒಪ್ಪಂದಕ್ಕೆ ಸಹಿ ಹಾಕಬೇಡಿ. ಪಿಯುಸಿ, ಡಿಗ್ರಿ ಬಿಡಿಸಬೇಡಿ. 2025ರ ಜುಲೈನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೀಸನ್ ತಡೆಹಿಡಿದಾಗ ದೇಶದ ಅತಿ ದೊಡ್ಡ ಲೀಗ್‌ನ ಆಟಗಾರರೇ ಮುಂದೇನೆಂದು ತಿಳಿಯದೆ ಕೂರಬೇಕಾಯಿತು. ರಾಜ್ಯ ಮಟ್ಟದ ಪ್ರಮಾಣಪತ್ರಗಳಿದ್ದರೆ ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟು, ರೈಲ್ವೆ ಅಥವಾ ಪೊಲೀಸ್ ಕೆಲಸದ ದಾರಿ ತೆರೆದಿರುತ್ತದೆ. ಆ ಪ್ರಮಾಣಪತ್ರಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಹಿಂಬದಿಯ ಸೀಲು ಪರಿಶೀಲಿಸಲು ತೊಂದರೆಯಾಗುತ್ತದೆ.

ಎರಡು ತಿಂಗಳ ಸಂಬಳ ಬಾಕಿ ಉಳಿದರೆ, ಕ್ಲಬ್‌ಗೆ ಬರಹದಲ್ಲಿ ಕನಿಷ್ಠ 15 ದಿನದ ಗಡುವು ಕೊಟ್ಟು, ಆಗಲೂ ಪೂರ್ತಿ ಬಾಕಿ ಬರದಿದ್ದರೆ ಒಪ್ಪಂದ ಮುರಿಯುವ ಹಕ್ಕನ್ನು ಫಿಫಾ ನಿಯಮ ಆಟಗಾರನಿಗೆ ಕೊಟ್ಟಿದೆ. ಆ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಸುಮ್ಮನಾಗಬೇಡಿ. ಇಮೇಲ್ ಮತ್ತು ಅಂಚೆ ಎರಡರಲ್ಲೂ ಕಳಿಸಿ, ಬಾಕಿಯ ತಿಂಗಳು, ಮೊತ್ತ ನಮೂದಿಸಿ, ಅಂಚೆ ರಸೀದಿಯನ್ನು ಒಪ್ಪಂದದ ಪ್ರತಿಯ ಜೊತೆಗೇ ಇಟ್ಟುಕೊಳ್ಳಿ.